ತುಕ್ಕು ಹಿಡಿದದ್ದು ಬೈಕಿಗೋ, ಭರವಸೆಗೋ?

ಕರಾವಳಿಯ ಮಧ್ಯಮ ವರ್ಗದ ಮನೆಗೆ ಹೊಸ ವಾಹನ ಬರುವ ದಿನವೆಂದರೆ ಒಂದು ಸಣ್ಣ ಹಬ್ಬ. ಶೋರೂಮಿನಿಂದ ನೇರವಾಗಿ ದೇವಸ್ಥಾನಕ್ಕೆ, ಅಲ್ಲಿ ಪೂಜೆ ಮುಗಿಸಿ ಗಾಲಿಯಡಿಯ ನಿಂಬೆಹಣ್ಣು ಒಡೆದು ಮನೆಗೆ. ಎರಡು ವರ್ಷಗಳ ಹಿಂದಿನ ದೀಪಾವಳಿಯಲ್ಲಿ ನಮ್ಮ ಮನೆಗೂ ಹಾಗೊಂದು ಮೋಟಾರ್ ಸೈಕಲ್ ಬಂತು. ನಿವೃತ್ತಿ ಸಮೀಪಿಸುತ್ತಿರುವ ಅಧ್ಯಾಪಕನಿಗೆ ಅಷ್ಟು ಬೆಲೆಯ ಬೈಕು ಬೇಕೇ ಎಂಬ ಪ್ರಶ್ನೆ ಮನೆಯಲ್ಲಿ ಎದ್ದದ್ದು ನಿಜ. ಹನ್ನೊಂದು ವರ್ಷ ದುಡಿದ ಹಳೆಯ ಸ್ಕೂಟರನ್ನು ತೋರಿಸಿ, ಒಳ್ಳೆಯ ವಾಹನ ಒಂದು ಸಲದ ಖರ್ಚು ಎಂದು ವಾದಿಸಿ ನಾನು ಗೆದ್ದಿದ್ದೆ. ಮುಂದಿನ ಮಳೆಗಾಲದಲ್ಲಿ ಆ ಗೆಲುವಿಗೆ ನಾನೇ ನಾಚಬೇಕಾಯಿತು.

ಆಟಿ ತಿಂಗಳ ಒಂದು ಭಾನುವಾರ, ಮಳೆ ತುಸು ಬಿಡುವು ಕೊಟ್ಟಾಗ ಬೈಕು ಒರೆಸಲು ಕುಳಿತೆ. ಸೈಲೆನ್ಸರಿನ ಬೆಸುಗೆಯ ಗೆರೆಯುದ್ದಕ್ಕೂ ಕಂದು ಬಣ್ಣದ ಹುಡಿ. ಹಿಂದಿನ ಚಕ್ರದ ಕಡ್ಡಿಗಳ ಬುಡದಲ್ಲಿ ಕೆಂಪು ಚುಕ್ಕೆಗಳು. ಸೀಟಿನ ಅಡಿಯಲ್ಲಿ, ಕಲ್ಲಾಗಲೀ ಕೆಸರಾಗಲೀ ತಾಗದ ಜಾಗದಲ್ಲಿ, ಚಾಸಿಯ ಬಣ್ಣ ಗುಳ್ಳೆಯೆದ್ದಿತ್ತು. ಉಗುರಿನಿಂದ ಒತ್ತಿದರೆ ಅದು ಹಪ್ಪಳದಂತೆ ಎದ್ದು ಬಂತು, ಅಡಿಯಲ್ಲಿ ತುಕ್ಕು. ಬೈಕು ಮನೆಗೆ ಬಂದು ಆಗಷ್ಟೇ ಒಂಬತ್ತು ತಿಂಗಳಾಗಿತ್ತು. ವಾರಂಟಿ ಇನ್ನೂ ವರ್ಷಗಟ್ಟಲೆ ಬಾಕಿಯಿತ್ತು.

ಶೋರೂಮಿನ ಸರ್ವಿಸ್ ವಿಭಾಗದ ಯುವಕ ಸೌಜನ್ಯದಿಂದಲೇ ಮಾತಾಡಿದ. 'ಇದು ಕಡಲ ಬದಿ ಅಲ್ವಾ ಸರ್, ಎಂತ ಮಾಡ್ಲಿಕ್ಕೆ ಆಗ್ತದೆ? ಎಲ್ಲರ ಗಾಡಿಗೂ ಉಂಟು' ಎಂದ. ವಾರಂಟಿ ಪುಸ್ತಕವನ್ನು ತೆರೆದು, ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟ. ಬಣ್ಣ, ಲೇಪನ, ತುಕ್ಕು ಹಾಗೂ ಸಮುದ್ರದ ಗಾಳಿಯಂತಹ ಪರಿಸರದ ಪರಿಣಾಮಗಳು ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. ಇಂಗ್ಲಿಷಿನ ಆ ಸಾಲನ್ನು ನಾನು ಬೈಕು ಕೊಳ್ಳುವಾಗ ಓದಿರಲಿಲ್ಲ. ಓದಲು ನನಗೆ ಅವಕಾಶವೂ ಇರಲಿಲ್ಲ. ಹಣ ಪೂರ್ತಿ ಕಟ್ಟಿದ ಮೇಲೆ, ಕೀಲಿಕೈಯ ಜೊತೆಗೆ ಆ ಪುಸ್ತಕ ನನ್ನ ಕೈಸೇರಿತ್ತು.

ಒಂದು ಬೈಕಿನ ತುಕ್ಕು ಸಾರ್ವಜನಿಕ ಚರ್ಚೆಯ ವಿಷಯವೇ ಎಂದು ಓದುಗರು ಕೇಳಬಹುದು. ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ರಾಜ್ಯಕ್ಕೆ ಸುಮಾರು 300 ಕಿಲೋಮೀಟರ್ ಉದ್ದದ ಕಡಲ ತೀರವಿದೆ. ಪ್ರತಿ ಪಟ್ಟಣದಲ್ಲೂ ಕಂಪನಿಗಳು ಶೋರೂಮು ತೆರೆದಿವೆ. ಇಲ್ಲಿನ ಗ್ರಾಹಕ ಬೆಂಗಳೂರಿನ ಗ್ರಾಹಕ ಕೊಡುವಷ್ಟೇ ಬೆಲೆ ಕೊಡುತ್ತಾನೆ. ಹಾಗಿರುವಾಗ, ಇಲ್ಲಿಯೇ ಮಾರಿದ ವಸ್ತು ಇಲ್ಲಿನ ಗಾಳಿಗೆ ಹಾಳಾದರೆ ಅದು ತನ್ನ ಹೊಣೆಯಲ್ಲ ಎಂದು ಹೇಳುವ ಹಕ್ಕು ತಯಾರಕನಿಗೆ ಇದೆಯೇ? ಈ ಪ್ರಶ್ನೆ ನನ್ನೊಬ್ಬನದಲ್ಲ.

'ಕಡಲ ಗಾಳಿ' ಎಂಬ ಉತ್ತರದಲ್ಲಿ ಸತ್ಯವಿಲ್ಲವೆಂದಲ್ಲ. ಕಬ್ಬಿಣ ಅದಿರಿನಿಂದ ಬಂದದ್ದು; ಗಾಳಿ, ನೀರು ಸಿಕ್ಕರೆ ಅದು ಅದಿರಿನಂತಹ ಸ್ಥಿತಿಗೇ ಮರಳಲು ಹವಣಿಸುತ್ತದೆ. ತುಕ್ಕು ಹಿಡಿಯುವುದು ಒಂದು ವಿದ್ಯುತ್ ರಾಸಾಯನಿಕ ಕ್ರಿಯೆ. ಉಪ್ಪು ಕರಗಿದ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಆ ಕ್ರಿಯೆ ತೀವ್ರವಾಗುತ್ತದೆ. ಗಾಳಿಯ ತೇವಾಂಶ ಶೇ 75ರ ಆಸುಪಾಸು ದಾಟಿದರೆ ಉಪ್ಪಿನ ಕಣ ತಾನೇ ನೀರೂರಿ ಕರಗುತ್ತದೆ. ಮಳೆಗಾಲದಲ್ಲಿ ಕರಾವಳಿಯ ತೇವಾಂಶ ಅದಕ್ಕಿಂತ ಕೆಳಗಿಳಿಯುವ ದಿನಗಳೇ ವಿರಳ. ಮಳೆ ತಾಗದ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಬೈಕಿನ ಮೇಲೂ ಉಪ್ಪಿನ ತೆಳುಪೊರೆ ಸದಾ ಒದ್ದೆಯಾಗಿಯೇ ಇರುತ್ತದೆ ಎಂದಾಯಿತು.

ಆದರೆ ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸುವುದು ಅರ್ಧಸತ್ಯ. ಉಕ್ಕನ್ನು ಉಪ್ಪಿನಿಂದ ಕಾಪಾಡುವ ವಿದ್ಯೆ ಹೊಸದಲ್ಲ. ನಾವು ಕ್ರೋಮ್ ಎಂದು ಮೆಚ್ಚುವ ಹೊಳಪಿನ ಪದರ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ಅದು ಬಹುಮಟ್ಟಿಗೆ ಅಲಂಕಾರಕ್ಕೆ. ಉಕ್ಕನ್ನು ನಿಜವಾಗಿ ರಕ್ಷಿಸುವುದು ಅದರ ಅಡಿಯಲ್ಲಿರುವ ನಿಕ್ಕಲ್ ಪದರ. ನಿಕ್ಕಲ್ ದಪ್ಪವಾಗಿದ್ದು ಸೂಕ್ಷ್ಮ ರಂಧ್ರಗಳಿಲ್ಲದಿದ್ದರೆ ಕಡಲ ಗಾಳಿಯಲ್ಲೂ ಅದು ವರ್ಷಗಟ್ಟಲೆ ಬಾಳುತ್ತದೆ. ಉಳಿತಾಯಕ್ಕಾಗಿ ಆ ಪದರವನ್ನು ತೆಳುವಾಗಿಸಿದರೆ ಹೊರಗಿನ ಹೊಳಪು ಶೋರೂಮಿನಲ್ಲಿ ಹಾಗೆಯೇ ಇರುತ್ತದೆ. ಬಣ್ಣ ಬಯಲಾಗಲು ಒಂದು ಮಳೆಗಾಲ ಬೇಕು. ಬೆಸುಗೆ ಹಾಕಿದ ಮೇಲೆ ಉಳಿದ ಕಿಟ್ಟವನ್ನು ಸರಿಯಾಗಿ ತೆಗೆಯದೆ ಬಣ್ಣ ಬಳಿದರೂ ಇದೇ ಗತಿ. ತಯಾರಕರಿಗೆ ಇದೆಲ್ಲ ತಿಳಿಯದ ಸಂಗತಿಯೇ? ಉಪ್ಪುನೀರನ್ನು ಮಂಜಿನಂತೆ ಸಿಂಪಡಿಸಿ ಲೇಪನವನ್ನು ಪರೀಕ್ಷಿಸುವ ವಿಧಾನ ಅಮೆರಿಕದಲ್ಲಿ 1939ರಲ್ಲೇ ಮಾನಕವಾಯಿತು. ತುಕ್ಕಿನ ತೀವ್ರತೆಗೆ ಅನುಗುಣವಾಗಿ ವಾತಾವರಣವನ್ನು ದರ್ಜೆಗಳಾಗಿ ವಿಂಗಡಿಸುವ ಅಂತರರಾಷ್ಟ್ರೀಯ ಮಾನಕವೂ ಇದೆ. ತಮಿಳುನಾಡಿನ ಕಾರೈಕುಡಿಯಲ್ಲಿ 1953ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆ ನಮ್ಮ ದೇಶದ ತುಕ್ಕಿನ ನಕ್ಷೆಯನ್ನೇ ಸಿದ್ಧಪಡಿಸಿದೆ. ಯಾವ ಊರಿನಲ್ಲಿ ಲೋಹ ಎಷ್ಟು ಬೇಗ ಸವೆಯುತ್ತದೆ ಎಂಬುದು ಎಂದೋ ಲೆಕ್ಕಕ್ಕೆ ಸಿಕ್ಕಿರುವ ಸಂಗತಿ.

ನಮ್ಮ ಪೂರ್ವಿಕರ ಉದಾಹರಣೆಯನ್ನು ತೆಗೆದುಕೊಂಡರೂ ಸಾಕು. ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಪ್ರಾಚೀನವಾದ ಕಬ್ಬಿಣದ ಕಂಬವೊಂದಿದೆ. ಭಕ್ತರು ಅದನ್ನು ದೇವಿಯ ತ್ರಿಶೂಲವೆಂದು ನಂಬುತ್ತಾರೆ; ಲೋಹತಜ್ಞರು ಅದನ್ನು ಅಧ್ಯಯನಕ್ಕೆ ಒಳಪಡಿಸಿದ್ದಾರೆ. ಅರಬ್ಬಿ ಕಡಲಿನಿಂದ ಎದ್ದ ಮುಂಗಾರು ಮೋಡಗಳು ನೇರವಾಗಿ ಬಂದು ಅಪ್ಪಳಿಸುವ ಆ ಶಿಖರದಲ್ಲಿ ಕಂಬ ಇಂದಿಗೂ ನಿಂತಿದೆ. ಕಾರ್ಖಾನೆಯಲ್ಲಿ ತಯಾರಾಗುವ ಬೈಕಿನಿಂದ ಅಂತಹ ಆಯುಸ್ಸನ್ನು ಯಾರೂ ಅಪೇಕ್ಷಿಸುವುದಿಲ್ಲ. ಆದರೆ ಒಂದು ಮಳೆಗಾಲವನ್ನಾದರೂ ದಾಟಬೇಡವೇ?

ಶೋರೂಮಿನ ಯುವಕನಿಗೆ ನಾನು ಎರಡು ಮಾತು ಹೇಳಿದೆ. ಮೊದಲನೆಯದು: ನನ್ನ ಕೊಟ್ಟಿಗೆಯಲ್ಲಿ ಇದೇ ಬೈಕಿನ ಪಕ್ಕದಲ್ಲಿ, ಇದೇ ಗಾಳಿಯಲ್ಲಿ, ಹನ್ನೊಂದು ವರ್ಷದ ಸ್ಕೂಟರು ನಿಂತಿದೆ. ಅದರ ಸೈಲೆನ್ಸರಿನಲ್ಲಿ ತುಕ್ಕು ಇದೆ, ಒಪ್ಪಿಕೊಳ್ಳೋಣ. ಆದರೆ ಅದು ಕಾಣಿಸಿಕೊಂಡದ್ದು ಎಂಟನೆಯ ವರ್ಷದಲ್ಲಿ. ಕಡಲು ಈ ಹನ್ನೊಂದು ವರ್ಷಗಳಲ್ಲಿ ನಮ್ಮ ಮನೆಗೆ ಹತ್ತಿರ ಬಂದಿಲ್ಲ. ಎರಡನೆಯದು: ಬೈಕು ಒಪ್ಪಿಸುವ ದಿನ ಇದೇ ಶೋರೂಮಿನಲ್ಲಿ 'ತುಕ್ಕು ನಿರೋಧಕ ಕೋಟಿಂಗ್' ಮಾಡಿಸಿಕೊಳ್ಳಿ ಎಂದು ಹೆಚ್ಚುವರಿ ಹಣ ಕೇಳಿದ್ದರು. ನಾನು ಬೇಡವೆಂದಿದ್ದೆ, ಹೊಸ ಬೈಕಿಗೆ ತುಕ್ಕಿನ ಭಯವೇಕೆ ಎಂಬುದು ನನ್ನ ತರ್ಕವಾಗಿತ್ತು. ಅಂದರೆ ಈ ವಾಹನ ಇಲ್ಲಿ ತುಕ್ಕು ಹಿಡಿಯುತ್ತದೆ ಎಂಬುದು ಮಾರುವವರಿಗೆ ಮಾರುವ ದಿನವೇ ಗೊತ್ತಿತ್ತು. ಗೊತ್ತಿದ್ದ ಅಪಾಯವನ್ನು ಪ್ರತ್ಯೇಕ ಬೆಲೆಗೆ ಮಾರಲು ಹೊರಟವರು, ಅದೇ ಅಪಾಯ ಘಟಿಸಿದಾಗ ಅದನ್ನು ಪ್ರಕೃತಿಯ ತಲೆಗೆ ಕಟ್ಟುವುದು ಯಾವ ನ್ಯಾಯ? ಯುವಕ ನಕ್ಕ. ಅವನ ಕೈಯಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡುವ ಅಧಿಕಾರವೂ ಇರಲಿಲ್ಲ.

ತುಕ್ಕು ಕೇವಲ ಅಂದದ ಪ್ರಶ್ನೆ ಎಂಬ ಭಾವನೆಯೂ ಸರಿಯಲ್ಲ. ಮುಂದಿನ ಫೋರ್ಕಿನ ಒಳಕೊಳವೆಯ ಮೇಲೆ ತುಕ್ಕಿನ ಚಿಕ್ಕ ಗುಳಿಗಳಾದರೆ ಸಾಕು, ಮೇಲೆ ಕೆಳಗೆ ಜಾರುವಾಗ ಅದು ಆಯಿಲ್ ಸೀಲನ್ನು ಸವೆಸುತ್ತದೆ. ಸೋರಿದ ಎಣ್ಣೆ ಮುಂದಿನ ಬ್ರೇಕಿನ ಡಿಸ್ಕ್ ತಲುಪಿದರೆ ಅದು ಪ್ರಾಣದ ಪ್ರಶ್ನೆ. ಕಡ್ಡಿಗಳ ಬುಡ ಸವೆದರೆ ಚಕ್ರ ಡೊಂಕಾಗುತ್ತದೆ. ಚಾಸಿಯ ಬೆಸುಗೆಯಲ್ಲಿ ಹೊಕ್ಕ ತುಕ್ಕು ಎಲ್ಲಿಗೆ ನಿಲ್ಲುತ್ತದೆ ಎಂದು ಹೊರಗಿನಿಂದ ಹೇಳಲಾಗದು. ಇಂದು ಹೊಳಪು ಕಳೆದುಕೊಂಡ ಭಾಗ ನಾಳೆ ಬಲ ಕಳೆದುಕೊಳ್ಳುತ್ತದೆ. ಈ ಎರಡರ ನಡುವೆ ವಾರಂಟಿ ಮುಗಿದಿರುತ್ತದೆ.

ಕಾನೂನು ಏನು ಹೇಳುತ್ತದೆ? 1986ರ ಗ್ರಾಹಕರ ರಕ್ಷಣಾ ಕಾಯ್ದೆಯ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಗುಣಮಟ್ಟದಲ್ಲಿ ಇರಬೇಕಾದುದಕ್ಕಿಂತ ಯಾವುದೇ ಕೊರತೆ ಇದ್ದರೂ ಅದು 'ದೋಷ' ಎಂಬುದು ಅದರ ವ್ಯಾಖ್ಯೆ. ಆ ಗುಣಮಟ್ಟ ಕಾನೂನು ವಿಧಿಸಿದ್ದಿರಬಹುದು, ಕರಾರಿನಲ್ಲಿ ಸ್ಪಷ್ಟವಾಗಿ ಹೇಳಿದ್ದಿರಬಹುದು ಅಥವಾ ಹೇಳದೆಯೇ ಅಡಕವಾಗಿದ್ದಿರಬಹುದು. ಈ 'ಹೇಳದೆಯೇ ಅಡಕವಾದ' ಎಂಬ ಮಾತೇ ಗ್ರಾಹಕನ ಆಸರೆ. ಹೊಸ ವಾಹನವೆಂದು ಮಾರಿದ ಮೇಲೆ, ಅದು ಮಾರಾಟವಾದ ಊರಿನಲ್ಲಿ ಸಹಜ ಬಳಕೆಗೆ ಒಂದು ಸಮಂಜಸ ಅವಧಿಯವರೆಗೆ ಯೋಗ್ಯವಾಗಿರಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ವಾರಂಟಿ ಪುಸ್ತಕ ಕಂಪನಿ ತಾನಾಗಿ ಕೊಡುವ ವಾಗ್ದಾನ. ಅದರ ಅಂಚಿಗೆ ಗ್ರಾಹಕನ ಹಕ್ಕು ಮುಗಿಯುತ್ತದೆ ಎಂದು ಭಾವಿಸಬೇಕಾಗಿಲ್ಲ.

ದೂರು ಕೊಡುವ ದಾರಿಯೂ ಹಿಂದಿಗಿಂತ ಸುಗಮವಾಗಿದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ದೋಷ ಬರಿಗಣ್ಣಿಗೆ ನಿರ್ಣಯವಾಗದಿದ್ದರೆ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಪರೀಕ್ಷೆ ಬೇಡದ ಪ್ರಕರಣ ಮೂರು ತಿಂಗಳಲ್ಲಿ, ಬೇಕಾದದ್ದು ಐದು ತಿಂಗಳಲ್ಲಿ ಇತ್ಯರ್ಥವಾಗುವಂತೆ ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಆಯೋಗದ ಮೆಟ್ಟಿಲು ಹತ್ತಿದವರೇ ಬಲ್ಲರು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕೆಂಬ ಮಿತಿಯನ್ನು ಮಾತ್ರ ಮರೆಯಬಾರದು. ಶೋರೂಮಿನವರ 'ಮುಂದಿನ ಸರ್ವಿಸಿನಲ್ಲಿ ನೋಡುವ' ಎಂಬ ಮಾತಿಗೆ ಕಿವಿಗೊಟ್ಟು ಕುಳಿತವರ ಎರಡು ವರ್ಷ ಬಲು ಬೇಗ ಕಳೆದುಹೋಗುತ್ತದೆ.

ಇದೇ ಕಾಯ್ದೆಯಲ್ಲಿ ಎರಡು ಬಿರುಕುಗಳೂ ಇವೆ. ಹೊಸದಾಗಿ ಸೇರಿಸಿದ 'ಉತ್ಪನ್ನ ಹೊಣೆಗಾರಿಕೆ'ಯ ಅಧ್ಯಾಯ ಕೇಳಲು ಬಹಳ ಗಟ್ಟಿಯಾಗಿದೆ. ಆದರೆ ಅದು 'ಹಾನಿ'ಯನ್ನು ವ್ಯಾಖ್ಯಾನಿಸುವಾಗ ಸ್ವತಃ ಆ ವಸ್ತುವಿಗೇ ಆದ ಹಾನಿಯನ್ನು ಹೊರಗಿಟ್ಟಿದೆ. ತುಕ್ಕು ಹಿಡಿದ ಬೈಕಿನಿಂದ ಬಿದ್ದು ಕಾಲು ಮುರಿದರೆ ಆ ಅಧ್ಯಾಯ ನೆರವಿಗೆ ಬಂದೀತು. ಬೈಕು ತುಕ್ಕು ಹಿಡಿದಿದೆ ಎಂಬಷ್ಟಕ್ಕೆ ಬಾರದು. ಇನ್ನು, ಗ್ರಾಹಕನ ಹಕ್ಕನ್ನು ಗಣನೀಯವಾಗಿ ಮೊಟಕುಗೊಳಿಸುವ 'ಅನುಚಿತ ಕರಾರು'ಗಳನ್ನು ಪ್ರಶ್ನಿಸುವ ಅವಕಾಶವೂ ಹೊಸದು, ಸ್ವಾಗತಾರ್ಹ. ಆದರೆ ಆ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ. ರಾಜ್ಯ ಆಯೋಗಕ್ಕೇ ಹೋಗಬೇಕು. ಸಣ್ಣ ಅಕ್ಷರದ ಒಂದು ಸಾಲನ್ನು ಪ್ರಶ್ನಿಸಲು ಮಲ್ಪೆಯ ಮೀನುಗಾರ ಘಟ್ಟ ಹತ್ತಬೇಕು.

ಹೊರದೇಶಗಳ ಅನುಭವ ಇಲ್ಲಿ ಬೋಧಪ್ರದ. 1980ರಲ್ಲಿ ಬ್ರಿಟನ್ನಿನಲ್ಲಿ ಇಟಲಿಯ ಲಾನ್ಸಿಯಾ ಕಂಪನಿಯ ಬೀಟಾ ಕಾರುಗಳು ಅಡಿಭಾಗದಲ್ಲಿ ತುಕ್ಕು ತಿಂದು ಸುದ್ದಿಯಾದಾಗ ಕಂಪನಿ ಅನೇಕ ಕಾರುಗಳನ್ನು ಗ್ರಾಹಕರಿಂದ ಮರಳಿ ಕೊಳ್ಳಬೇಕಾಯಿತು. ಅದರ ಹೆಸರಿಗೆ ತಗುಲಿದ ಕಳಂಕ ಆ ಮಾರುಕಟ್ಟೆಯಲ್ಲಿ ಕೊನೆಗೂ ತೊಳೆದುಹೋಗಲಿಲ್ಲ. ಆ ದಶಕದಲ್ಲಿ ಯುರೋಪಿನ ತಯಾರಕರು ಸತು ಲೇಪಿಸಿದ ಉಕ್ಕಿನತ್ತ ಹೊರಳಿದರು. 1986ರ ಆಡಿ 80 ಕಾರಿನ ಇಡೀ ಕವಚ ಸತುಲೇಪಿತವಾಗಿತ್ತು. ಇಂದು ಅಲ್ಲಿ ಕಾರಿನ ಕವಚ ತುಕ್ಕಿನಿಂದ ತೂತಾಗದೆಂದು ಹನ್ನೆರಡು ವರ್ಷಗಳವರೆಗೂ ಪ್ರತ್ಯೇಕ ವಾರಂಟಿ ಕೊಡುವ ಕಂಪನಿಗಳಿವೆ. ಅಮೆರಿಕದಲ್ಲಿ ಟೊಯೊಟ ಕಂಪನಿ ತನ್ನ ಕೆಲವು ಟ್ರಕ್ಕುಗಳ ಚೌಕಟ್ಟಿನ ತುಕ್ಕಿಗೆ ಸಂಬಂಧಿಸಿದ ಸಾಮೂಹಿಕ ಮೊಕದ್ದಮೆಯನ್ನು ಇತ್ಯರ್ಥಪಡಿಸಲು 2016ರಲ್ಲಿ ಒಪ್ಪಿತು; ತಪ್ಪನ್ನು ಒಪ್ಪಿಕೊಳ್ಳದೆಯೇ ಮಾಡಿಕೊಂಡ ಆ ಒಪ್ಪಂದದ ಮೌಲ್ಯ 340 ಕೋಟಿ ಡಾಲರುಗಳವರೆಗೆ ಎಂದು ಅಂದಾಜಿಸಲಾಗಿತ್ತು. ಆ ನಾಡುಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಸುರಿಯುತ್ತಾರೆ. ಅಲ್ಲಿನ ಗ್ರಾಹಕ 'ಚಳಿಗಾಲವಲ್ಲವೇ, ಏನು ಮಾಡುವುದು' ಎಂಬ ಉತ್ತರಕ್ಕೆ ತೃಪ್ತನಾಗಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ತಯಾರಕರ ಪರವಾಗಿಯೂ ಒಂದು ಮಾತು ಹೇಳಬೇಕು. ಗ್ರಾಹಕ ತನ್ನ ವಾಹನವನ್ನು ಹೇಗೆ ಇಟ್ಟುಕೊಂಡಿದ್ದ ಎಂಬುದು ಕಂಪನಿಗೆ ಕಾಣದು. ಕಡಲ ಮರಳಿನಲ್ಲಿ ಓಡಿಸಿ, ಉಪ್ಪುನೀರು ತಾಗಿದ ಗಾಡಿಯನ್ನು ತೊಳೆಯದೆ ವಾರಗಟ್ಟಲೆ ನಿಲ್ಲಿಸುವವರಿದ್ದಾರೆ. ಮಳೆಯಲ್ಲಿ ನೆನೆದ ಬೈಕಿಗೆ ಹಾಗೆಯೇ ಪ್ಲಾಸ್ಟಿಕ್ ಹೊದಿಕೆ ಹಾಕಿ, ರಕ್ಷಿಸಿದೆವೆಂದು ಭಾವಿಸುವವರೂ ಇದ್ದಾರೆ. ಒಳಗೆ ಸಿಕ್ಕ ತೇವ ಆರದೆ ತುಕ್ಕಿಗೆ ಆಮಂತ್ರಣವಾಗುತ್ತದೆ. ಖಾರವಾದ ಸೋಪಿನ ಪುಡಿಯಿಂದ ಉಜ್ಜಿ ಮೇಣದ ಪೊರೆಯನ್ನು ಕಳೆಯುವುದೂ ಉಂಟು. ಕರಾವಳಿಯಲ್ಲಿ ಬಾಳುವವನು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಬ್ರೇಕನ್ನು ಬಿಟ್ಟು ಉಳಿದ ಲೋಹದ ಭಾಗಗಳಿಗೆ ತೆಳ್ಳಗೆ ಎಣ್ಣೆ ಸವರುವಷ್ಟು ಎಚ್ಚರ ವಹಿಸಲೇಬೇಕು. ಇದು ಗ್ರಾಹಕನ ಪಾಲಿನ ಕರ್ತವ್ಯ.

ಆದರೆ ತಪ್ಪು ಯಾರದೆಂದು ಬಹಳಷ್ಟು ಸಲ ತುಕ್ಕೇ ಹೇಳುತ್ತದೆ. ಕಲ್ಲು ತಾಗಿ ಬಣ್ಣ ಹಾರಿದ ಜಾಗದಿಂದ ಶುರುವಾದ ತುಕ್ಕು ಬೇರೆ. ಯಾವ ಗಾಯವೂ ಇಲ್ಲದ ಬಣ್ಣದ ಅಡಿಯಿಂದ ಗುಳ್ಳೆಯಾಗಿ ಏಳುವ ತುಕ್ಕು ಬೇರೆ. ಒಂದೇ ಚಕ್ರದ ಕೆಲವು ಕಡ್ಡಿಗಳು ಕೆಂಪಾಗಿ ಉಳಿದವು ಬೆಳ್ಳಗಿದ್ದರೆ ಅದಕ್ಕೆ ಗಾಳಿ ಕಾರಣವಾಗಲಾರದು. ಬೆಸುಗೆಯ ಗೆರೆಯನ್ನಷ್ಟೇ ಹಿಡಿದು ಸಾಗುವ ತುಕ್ಕಿನ ಮೂಲ ಕಾರ್ಖಾನೆಯಲ್ಲಿರುವ ಸಂಭವವೇ ಹೆಚ್ಚು. ಲೋಹಶಾಸ್ತ್ರ ಬಲ್ಲ ಯಾರಾದರೂ ಇದನ್ನು ಅರ್ಧ ಗಂಟೆಯಲ್ಲಿ ವಿಂಗಡಿಸಿ ಹೇಳಬಲ್ಲರು. ತುಕ್ಕನ್ನು ಇಡಿಯಾಗಿ ವಾರಂಟಿಯಿಂದ ಹೊರಗಿಡುವ ಷರತ್ತು ಈ ವಿಂಗಡಣೆಗೆ ಅವಕಾಶವನ್ನೇ ಕೊಡುವುದಿಲ್ಲ. ನೋಡುವ ಮೊದಲೇ ತೀರ್ಪು ಬರೆದಿಟ್ಟಂತೆ ಅದು.

ನನ್ನ ಬೈಕಿನ ಕತೆ ಎಲ್ಲಿಗೆ ಬಂತು? ನಾನು ತುಕ್ಕನ್ನು ಉಜ್ಜಿ ತೆಗೆಯಲಿಲ್ಲ. ಉಜ್ಜಿದ್ದರೆ ಸಾಕ್ಷಿಯೇ ಅಳಿಯುತ್ತಿತ್ತು. ದಿನಾಂಕ ಬೀಳುವಂತೆ ಚಿತ್ರಗಳನ್ನು ತೆಗೆದೆ. ಸರ್ವಿಸಿಗೆ ಬಿಟ್ಟಾಗ ಜಾಬ್ ಕಾರ್ಡಿನಲ್ಲಿ ತುಕ್ಕಿನ ಉಲ್ಲೇಖ ಬರೆಯಲೇಬೇಕೆಂದು ಹಟ ಹಿಡಿದು ಬರೆಸಿದೆ. ಶೋರೂಮಿಗೊಂದು, ಕಂಪನಿಯ ಕೇಂದ್ರ ಕಚೇರಿಗೊಂದು ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಎರಡನೆಯ ಪತ್ರದಲ್ಲಿ ಜಿಲ್ಲಾ ಆಯೋಗಕ್ಕೆ ಹೋಗುವ ಇಂಗಿತವನ್ನೂ ಕಾಯ್ದೆಯ ಕಲಮುಗಳನ್ನೂ ನಮೂದಿಸಿದೆ. ಆಮೇಲೆ ಕಂಪನಿಯ ಪ್ರತಿನಿಧಿಯೊಬ್ಬರು ಬಂದು ನೋಡಿದರು. ಸೈಲೆನ್ಸರನ್ನೂ ಹಿಂದಿನ ಚಕ್ರದ ಕಡ್ಡಿಗಳನ್ನೂ ಬದಲಿಸಿ, ಚಾಸಿಯ ಆ ಭಾಗಕ್ಕೆ ಮತ್ತೆ ಬಣ್ಣ ಹಾಕಿಸಿಕೊಟ್ಟರು. ಜೊತೆಗೆ ಒಂದು ಪತ್ರ: ಇದು ವಾರಂಟಿಯ ಅನ್ವಯ ಮಾಡಿದ್ದಲ್ಲ, ಸೌಹಾರ್ದದ ದ್ಯೋತಕವಾಗಿ ಮಾಡಿದ್ದು, ಇದನ್ನು ಪೂರ್ವನಿದರ್ಶನವಾಗಿ ಪರಿಗಣಿಸಬಾರದು.

ಮನೆಯವರು ಸಂತೋಷಪಟ್ಟರು. ನನಗೂ ಕೆಲವು ದಿನ ಗೆದ್ದ ಭಾವವಿತ್ತು. ಅದನ್ನು ಅಳಿಸಿದ್ದು ನಮ್ಮ ನೆರೆಮನೆಯ ಯುವಕ. ಅವನು ಬಂದರಿನಿಂದ ಮೀನು ತಂದು ಮನೆಮನೆಗೆ ಮಾರುವವನು. ಅವನದೂ ಅದೇ ಕಂಪನಿಯ ಬೈಕು, ನನ್ನದಕ್ಕಿಂತ ಎರಡು ತಿಂಗಳು ಹೊಸತು, ಮೂರು ವರ್ಷದ ಸಾಲದಲ್ಲಿ ಕೊಂಡದ್ದು. ಅವನ ಬೈಕಿನ ತುಕ್ಕು ನನ್ನದಕ್ಕಿಂತ ಹೆಚ್ಚು. 'ನನಗೂ ಶೋರೂಮಿನವರು ಆಗುವುದಿಲ್ಲ ಅಂದರು ಮಾಷ್ಟ್ರೇ, ನಾನು ಸುಮ್ಮನಾದೆ. ನೀವು ಇಂಗ್ಲಿಷಿನಲ್ಲಿ ಬರೆದಿರಿ, ನಿಮ್ಮದು ಆಯಿತು' ಎಂದ. ಅದರಲ್ಲಿ ಅಸೂಯೆ ಇರಲಿಲ್ಲ. ಲೋಕ ಹೀಗೆಯೇ ಎಂಬ ತಿಳಿವಳಿಕೆ ಮಾತ್ರ ಇತ್ತು.

ಅವನ ಪರವಾಗಿ ನಾನೇ ಪತ್ರ ಬರೆದುಕೊಟ್ಟೆ. ಮೀನಿನ ಪೆಟ್ಟಿಗೆ ಹೇರಿದ್ದರಿಂದ ಉಪ್ಪುನೀರು ಬಿದ್ದಿದೆ, ಆದ್ದರಿಂದ ಪರಿಗಣಿಸಲಾಗದು ಎಂಬ ಉತ್ತರ ಬಂತು. ಅವನ ಬೈಕಿನ ಮೇಲೆ ಮೀನಿನ ನೀರು ಬಿದ್ದಿರುವುದು ನಿಜ. ಆದರೆ ಮುಂದಿನ ಫೋರ್ಕಿನ ಮೇಲೆ, ಹ್ಯಾಂಡಲಿನ ಕೆಳಗೆ ಹಿಡಿದ ತುಕ್ಕಿಗೂ ಹಿಂದೆ ಕಟ್ಟಿದ ಪೆಟ್ಟಿಗೆಗೂ ಏನು ಸಂಬಂಧ ಎಂದು ಯಾರೂ ಬಂದು ನೋಡಲಿಲ್ಲ. ಆಯೋಗಕ್ಕೆ ಹೋಗೋಣವೆಂದರೆ, ಒಂದು ದಿನ ವ್ಯಾಪಾರ ಬಿಟ್ಟರೆ ಕಂತಿನ ಲೆಕ್ಕ ತಪ್ಪುತ್ತದೆ ಎನ್ನುತ್ತಾನೆ. ಅವನ ಸಾಲ ತೀರುವ ಹೊತ್ತಿಗೆ ಆ ಬೈಕಿಗೆ ಮಾರುವ ಬೆಲೆ ಏನೂ ಉಳಿದಿರಲಾರದು.

ನನ್ನ ಆಕ್ಷೇಪ ಇರುವುದು ಇಲ್ಲಿಯೇ. ನನಗೆ ಸಿಕ್ಕಿದ್ದು ನ್ಯಾಯವಾಗಿದ್ದರೆ ಅವನಿಗೂ ಸಿಗಬೇಕಿತ್ತು. ಪತ್ರ ಬರೆಯಬಲ್ಲವನಿಗೆ, ಕಲಮು ಉದ್ಧರಿಸಬಲ್ಲವನಿಗೆ, ಕಾದು ಕೂರಬಲ್ಲವನಿಗೆ ಮಾತ್ರ ಸಿಗುವುದು ಔದಾರ್ಯ. ಔದಾರ್ಯ ಕೊಡುವವನ ಇಚ್ಛೆಗೆ ಬಿಟ್ಟದ್ದು. ಅದನ್ನು ನಾಳೆ ಹಿಂತೆಗೆದುಕೊಳ್ಳಬಹುದು, ಪಕ್ಕದ ಮನೆಗೆ ನಿರಾಕರಿಸಬಹುದು. ಹಕ್ಕು ಹಾಗಲ್ಲ. 'ಸೌಹಾರ್ದದ ದ್ಯೋತಕ' ಎಂಬ ಎರಡು ಪದಗಳಿಂದ ಕಂಪನಿ ಒಬ್ಬ ದೂರುದಾರನ ಬಾಯಿ ಮುಚ್ಚಿಸಿ, ನೂರಾರು ಮಂದಿಗೆ ಸಲ್ಲಬೇಕಾದುದನ್ನು ಉಳಿಸಿಕೊಳ್ಳುತ್ತದೆ. ನಾನು ಆ ಪತ್ರಕ್ಕೆ ಸಹಿ ಹಾಕಿದ್ದೇನೆ. ಅಷ್ಟರಮಟ್ಟಿಗೆ ಈ ವ್ಯವಸ್ಥೆಯಲ್ಲಿ ನನ್ನ ಪಾಲೂ ಇದೆ.

ಪರಿಹಾರ ಅಸಾಧ್ಯವಾದುದೇನಲ್ಲ. 2019ರ ಕಾಯ್ದೆಯ ಅಡಿಯಲ್ಲಿ ರಚನೆಯಾದ ಕೇಂದ್ರೀಯ ಗ್ರಾಹಕರ ರಕ್ಷಣಾ ಪ್ರಾಧಿಕಾರಕ್ಕೆ ಬಿಡಿ ಗ್ರಾಹಕನ ದೂರಿಗೆ ಕಾಯದೆ, ಇಡೀ ಗ್ರಾಹಕ ವರ್ಗದ ಹಿತದೃಷ್ಟಿಯಿಂದ ತನಿಖೆ ನಡೆಸುವ, ಮಾರ್ಗಸೂಚಿ ಹೊರಡಿಸುವ ಅಧಿಕಾರವಿದೆ. ವಾರಂಟಿಯಲ್ಲಿ ತುಕ್ಕನ್ನು ಸಾರಾಸಗಟಾಗಿ ಹೊರಗಿಡುವ ಷರತ್ತನ್ನು ಅದು ಪರಿಶೀಲಿಸಲಿ. ಲೇಪನದ ಹೊಳಪಿಗೆ ಒಂದು ಕನಿಷ್ಠ ಅವಧಿ, ಚಾಸಿ, ಫೋರ್ಕು, ಚಕ್ರಗಳಂತಹ ಭಾರ ಹೊರುವ ಭಾಗಗಳಿಗೆ ಅದಕ್ಕಿಂತ ದೀರ್ಘವಾದ ಅವಧಿ ನಿಗದಿಯಾಗಲಿ. ಗ್ರಾಹಕನ ನಿರ್ಲಕ್ಷ್ಯದಿಂದಲೇ ತುಕ್ಕು ಹಿಡಿಯಿತೆಂದು ಕಂಪನಿ ವಾದಿಸುವುದಾದರೆ, ಬಂದು ನೋಡಿ, ಕಾರಣವನ್ನು ಲಿಖಿತವಾಗಿ ಕೊಡುವ ಹೊಣೆ ಅದರದೇ ಆಗಲಿ. ವಾರಂಟಿಗೆ ಏನು ಒಳಪಡುವುದಿಲ್ಲ ಎಂಬುದನ್ನು ಗ್ರಾಹಕನ ಭಾಷೆಯಲ್ಲಿ, ಹಣ ಕಟ್ಟಿಸಿಕೊಳ್ಳುವ ಮೊದಲೇ ತಿಳಿಸಿ ಸಹಿ ಪಡೆಯಲಿ. ಕರ್ನಾಟಕದಲ್ಲಿ ಕನ್ನಡದಲ್ಲಿ ಜಾಹೀರಾತು ಕೊಡಬಲ್ಲ ಕಂಪನಿಗಳಿಗೆ ಕನ್ನಡದಲ್ಲಿ ಷರತ್ತು ಬರೆಯುವುದು ಕಷ್ಟವಾಗಬಾರದು.

ಇದರಿಂದ ವಾಹನದ ಬೆಲೆ ಏರುತ್ತದೆ ಎನ್ನುವವರಿದ್ದಾರೆ. ಸ್ವಲ್ಪ ಏರಬಹುದು. ಆದರೆ ಈಗಲೂ ಆ ಬೆಲೆಯನ್ನು ಯಾರೋ ಒಬ್ಬರು ತೆರುತ್ತಿದ್ದಾರೆ. ಕಾರ್ಖಾನೆಯಲ್ಲಿ ಉಳಿಸಿದ ನಿಕ್ಕಲಿನ ಬೆಲೆಯನ್ನು ನನ್ನ ನೆರೆಮನೆಯವನು ಸಾಲದ ಕಂತಿನ ಜೊತೆಗೆ ಕಟ್ಟುತ್ತಿದ್ದಾನೆ. ಆ ಹೊರೆಯನ್ನು ಎಲ್ಲ ಖರೀದಿದಾರರೂ ಬಹಿರಂಗವಾಗಿ ಹಂಚಿಕೊಳ್ಳುವುದು, ಕಡಲ ಬದಿಯಲ್ಲಿ ಹುಟ್ಟಿದ ತಪ್ಪಿಗೆ ಅವನೊಬ್ಬನೇ ಗುಟ್ಟಾಗಿ ಹೊರುವುದಕ್ಕಿಂತ ನ್ಯಾಯಯುತ.

ಅಲ್ಲಿಯವರೆಗೆ ಓದುಗರು, ಅದರಲ್ಲೂ ಕರಾವಳಿಯವರು, ಕೆಲವು ಕೆಲಸ ಮಾಡಬಹುದು. ಹೊಸ ವಾಹನವನ್ನು ಒಪ್ಪಿಸಿಕೊಳ್ಳುವಾಗ ಹೂಮಾಲೆ ಹಾಕುವ ಮೊದಲು ಸೀಟು ಎತ್ತಿಸಿ, ಚಕ್ರದ ಬುಡ ಬಗ್ಗಿ ನೋಡಿ. ಬಯಲಿನಲ್ಲಿ ತಿಂಗಳುಗಟ್ಟಲೆ ನಿಂತ ವಾಹನಕ್ಕೆ ಅಲ್ಲಿಯೇ ತುಕ್ಕು ಶುರುವಾಗಿರಬಹುದು. ಕಂಡ ತುಕ್ಕನ್ನು ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಬರೆಯಲು ಬಾರದ ನೆರೆಯವರಿಗೆ ಬರೆದುಕೊಡಿ. ನಾವು ಹತ್ತು ಮಂದಿ ಒಂದೇ ದೋಷದ ಬಗ್ಗೆ ಬರೆದರೆ ಅದನ್ನು ಹತ್ತು ಮಂದಿಯ ನಿರ್ಲಕ್ಷ್ಯವೆಂದು ತಳ್ಳಿಹಾಕುವುದು ಕಷ್ಟ.

ನೆರೆಮನೆಯ ಯುವಕನನ್ನು ಜಿಲ್ಲಾ ಆಯೋಗಕ್ಕೆ ಹೋಗಲು ಕೊನೆಗೂ ಒಪ್ಪಿಸಿದ್ದೇನೆ. ದೂರಿನ ಕರಡು ಸಿದ್ಧವಾಗಿದೆ. ಈ ಬಾರಿ ಕನ್ನಡದಲ್ಲಿ. ಅದರ ಜೊತೆ ನನಗೆ ಬಂದ ಸೌಹಾರ್ದದ ಪತ್ರದ ನಕಲನ್ನೂ ಲಗತ್ತಿಸುತ್ತಿದ್ದೇವೆ. ಅದನ್ನು ಪೂರ್ವನಿದರ್ಶನವಾಗಿ ಪರಿಗಣಿಸಬಾರದೆಂದು ಕಂಪನಿ ಬರೆದಿದೆ. ಪರಿಗಣಿಸಬೇಕೋ ಬೇಡವೋ ಎಂಬುದನ್ನು ಆಯೋಗ ಹೇಳಲಿ.